ಹುಂಜದ ಜುಟ್ಟು ಮತ್ತು ನನ್ನ ಮಂಡಿ

ಸವೆದ ಮಂಡಿಗೆ ಸೂಜಿಯೇ ಗತಿಯೆಂದು ನಿರ್ಣಯವಾದಾಗ ಹಾಸನದ ವೈದ್ಯರು ನನ್ನ ಮುಂದೆ ಎರಡು ಮಾರ್ಗಗಳನ್ನಿರಿಸಿದರು. ಮೊದಲನೆಯದು 1951ರಲ್ಲಿ ಅಮೆರಿಕದ ಹಾಲೆಂಡರ್ ಎಂಬ ವೈದ್ಯನು ಪ್ರಚುರಪಡಿಸಿದ ಸ್ಟೀರಾಯ್ಡ್ ಚಿಕಿತ್ಸೆ. ಅದು ಉರಿಯೂತವನ್ನಡಗಿಸಿ ಕೆಲವು ವಾರಗಳ ನೆಮ್ಮದಿಯನ್ನೀಯುವುದಾದರೂ, ನನ್ನಂಥ ಮಧುಮೇಹಿಯ ರಕ್ತದಲ್ಲಿ ಕೆಲವು ದಿನ ಸಕ್ಕರೆಯನ್ನೇರಿಸುವುದಲ್ಲದೆ, ಪದೇಪದೇ ಚುಚ್ಚಿಸಿಕೊಂಡರೆ ಉಳಿದ ಮೃದ್ವಸ್ಥಿಗೂ ಸಂಚಕಾರ ತರುವಂಥದು. ಎರಡನೆಯದು ಜನರು 'ಜೆಲ್' ಎನ್ನುವ ಹಯಲುರಾನಿಕ್ ಆಮ್ಲ. ಕೀಲಿನ ರಸದಲ್ಲಿ ಸಹಜವಾಗಿಯೇ ಇರುವ ಈ ಸ್ನಿಗ್ಧದ್ರವ್ಯವನ್ನು 1934ರಲ್ಲಿ ಮೇಯರ್ ಮತ್ತು ಪಾಮರ್ ಎಂಬ ವಿಜ್ಞಾನಿಗಳು ಹಸುವಿನ ಕಣ್ಣಿನಿಂದ ಬೇರ್ಪಡಿಸಿದರಂತೆ. ಅದರ ಫಲದ ವಿಷಯದಲ್ಲಿ ಮಾತ್ರ ವೈದ್ಯರಲ್ಲಿಯೇ ಐಕಮತ್ಯವಿಲ್ಲ.

ಈಗ ಅದನ್ನು ಎಲ್ಲಿಂದ ತೆಗೆಯುತ್ತಾರೆಂದು, ಜೊತೆಯಲ್ಲಿ ಬಂದಿದ್ದ ನಮ್ಮ ಸೋದರತ್ತೆ ಕೇಳಬಾರದಿತ್ತು. "ಕೆಲವನ್ನು ಹುಂಜದ ಜುಟ್ಟಿನಿಂದ" ಎಂದು ವೈದ್ಯರು ಸತ್ಯವನ್ನೇ ನುಡಿದರು. ಚಾತುರ್ಮಾಸ್ಯದಲ್ಲಿ ಈರುಳ್ಳಿಯ ನೆರಳನ್ನೂ ಸೋಕಿಸಿಕೊಳ್ಳದ ಮನೆತನ ನಮ್ಮದು. ಬಾಯಿಂದ ಹೋದುದು ಆಹಾರ, ಮಂಡಿಯಿಂದ ಹೋದುದು ಔಷಧವೆಂದು ನಾನು ಧರ್ಮಸೂಕ್ಷ್ಮವನ್ನು ವಿವರಿಸಹೊರಟರೆ, ಅತ್ತೆಯು, "ನಾಳೆ ಬೆಳಗಿನ ಜಾವ ನಿನ್ನ ಮಂಡಿ ಕೂಗಿದರೆ ನೆರೆಹೊರೆಯವರಿಗೆ ಏನು ಹೇಳಲಿ?" ಎಂದರು. ರಾತ್ರಿಯಿಡೀ ಕೂಗುತ್ತಿರುವ ಮಂಡಿಯು ಬೆಳಗಿನ ಜಾವವೊಂದಕ್ಕೇ ಮಿತಗೊಂಡರೆ ಅದೂ ಲಾಭವೇ ಎಂದು ನನಗೆ ತೋರಿತು. ಸೂಕ್ಷ್ಮಾಣುಗಳಿಂದ ಹುದುಗಿಸಿ ಪಡೆದ ಜೆಲ್ಲೂ ಉಂಟೆಂದು ವೈದ್ಯರು ತಿಳಿಸಿದ ಮೇಲೆ, ಮೊಸರೂ ಹಾಗೆಯೇ ಆಗುವುದಷ್ಟೆ ಎಂಬ ಆಧಾರದ ಮೇಲೆ ಅನುಜ್ಞೆ ದೊರೆಯಿತು.

ಸ್ಪಿರಿಟ್ಟಿನ ಹತ್ತಿ ಮಂಡಿಯನ್ನು ತಣ್ಣಗೆ ಸವರಿತು. ವೈದ್ಯರು ಹೆಬ್ಬೆರಳಿನಿಂದ ಚಿಪ್ಪನ್ನು ಓರೆಗೆ ತಳ್ಳಿ, ಈ ವರ್ಷ ಆಲೂಗಡ್ಡೆಯ ಧಾರಣೆ ಹೇಗೆಂದು ವಿಚಾರಿಸುತ್ತ, ನಾನು ಉತ್ತರ ಹೇಳುವಷ್ಟರಲ್ಲಿ ಸೂಜಿಯನ್ನು ಅದರ ಅಡಿಗೆ ತೂರಿಸಿದ್ದರು.

ನೋವು ತಗ್ಗಿದ ಮೇಲೆ ದೊಡ್ಡಗದ್ದವಳ್ಳಿಗೆ ಹೋದೆವು. ವಿಷ್ಣುವರ್ಧನನ ಕಾಲದಲ್ಲಿ ಕುಲ್ಲಹಣ ರಾಹುತನೂ ಅವನ ಮಡದಿ ಸಹಜಾದೇವಿಯೂ ಕಟ್ಟಿಸಿದ ಲಕ್ಷ್ಮೀದೇವಿಯ ಆ ಚತುಷ್ಕೂಟದಲ್ಲಿ, ಕಾಳಿಯ ಗುಡಿಯ ಇಕ್ಕೆಲಗಳಲ್ಲಿ, ಬೇತಾಳರಿಬ್ಬರು ಅಸ್ಥಿಪಂಜರಮಾತ್ರರಾಗಿ ಒಂಬೈನೂರು ವರ್ಷಗಳಿಂದ ನಿಂತೇ ಇದ್ದಾರೆ. ಮೃದ್ವಸ್ಥಿಯ ಲೇಶವಿಲ್ಲ, ನರಳಿಕೆಯ ಸುಳಿವೂ ಇಲ್ಲ! ಕಾರಣವನ್ನು ಅತ್ತೆಯೇ ಹೇಳಿದರು: "ಹೊಟ್ಟೆ ಎಲ್ಲಿದೆ, ನೋಡು." ಒಂದು ಕಿಲೋ ತೂಕ ಇಳಿದರೆ ಹೆಜ್ಜೆಹೆಜ್ಜೆಗೂ ಮಂಡಿಯ ಮೇಲಣ ಭಾರ ಸುಮಾರು ನಾಲ್ಕು ಕಿಲೋದಷ್ಟು ಇಳಿಯುವುದೆಂದು ವೈದ್ಯರು ಸುತ್ತಿ ಬಳಸಿ ಹೇಳಿದ್ದೂ ಇದನ್ನೇ. ಸೂಜಿ ಕೊಡಿಸುವುದು ಬರಿಯ ವಾಯಿದೆ. ಅಸಲನ್ನು ತೀರಿಸಬೇಕಾದುದು ಬಾಯಿ. ಆ ಬಾಯಿಯಾದರೋ ಒಬ್ಬಟ್ಟಿನ ದಿನ ತಾನೂ ವಾಯಿದೆ ಕೇಳುತ್ತದೆ.