ಕರೆಂಟ್ ಹೋದರೆ ಕಪ್ಪೆ ಬದುಕುತ್ತೆ

(ಚಿತ್ರದುರ್ಗದ ಒಂದು ಡಿಗ್ರಿ ಕಾಲೇಜು, ಅಡ್ಮಿಷನ್ ಕಿಟಕಿ. ಹೊರಗೆ ಹೊಸದುರ್ಗದ ತೆಂಗಿನ ತೋಟದ ಯಜಮಾನರು, ಮಗಳು. ಒಳಗೆ ಗುಮಾಸ್ತರು.)

ಯಜಮಾನ: ಮಗಳಿಗೆ ನೀಟ್ ಸೀಟು ಸಿಗಲಿಲ್ಲ ಸ್ವಾಮಿ. ಬಯಾಲಜಿಗಾದ್ರೂ ಸೇರ್ಸಾನ ಅಂತ.

(ಜೀವಶಾಸ್ತ್ರಕ್ಕೆ ಬರುವ ಹೆದ್ದಾರಿ ಇದೇ.)

ಗುಮಾಸ್ತ: ಸೇರ್ಸಿ. ಬಾಟನಿ, ಜುವಾಲಜಿ ಎರಡೂ ಐತೆ.

ಯಜಮಾನ: ಎಷ್ಟು ವರ್ಷದ್ದು?

ಗುಮಾಸ್ತ: 2021ರಲ್ಲಿ ಕೇಳಿದ್ರೆ ನಾಲ್ಕು ಅಂತಿದ್ದೆ. 2024ರಲ್ಲಿ ತಿರುಗಾ ಮೂರು ಮಾಡಿದ್ರು. ಸದ್ಯಕ್ಕೆ ಮೂರು ಅಂತ ಬರ್ಕೊಳ್ಳಿ, ಪೆನ್ಸಿಲ್‌ನಾಗೆ.

ಯಜಮಾನ: ಕಪ್ಪೆ ಕೊಯ್ಯೋದೈತಾ? ಮನೇಲಿ ಮಡಿ ಜಾಸ್ತಿ.

ಗುಮಾಸ್ತ: ಅದನ್ನ ಯುಜಿಸಿಯೋರು ಯಾವಾಗ್ಲೋ ನಿಲ್ಸಿದ್ರು. ಈಗ ಕಪ್ಪೆ ಕಂಪ್ಯೂಟರ್‌ನಾಗೆ. ಮೌಸ್ ಒತ್ತಿದ್ರೆ ಹೊಟ್ಟೆ ಬಿಚ್ಕೊಳ್ಳುತ್ತೆ.

ಯಜಮಾನ: ಕರೆಂಟ್ ಹೋದ್ರೆ?

ಗುಮಾಸ್ತ: ಕಪ್ಪೆ ಬದುಕ್ಕೊಳ್ಳುತ್ತೆ.

ಮಗಳು: ಸಾರ್, ಜೋಗಿಮಟ್ಟಿ ಕಾಡಿಗೆ ಕರ್ಕೊಂಡು ಹೋಗ್ತಾರಾ? ಅಲ್ಲಿ ಕೊಂಡುಕುರಿ ಐತಂತೆ.

ಗುಮಾಸ್ತ: ಪರೀಕ್ಷೆಗೆ ಬರೋದು ಆಸ್ಟ್ರೇಲಿಯಾದ ಪ್ಲಾಟಿಪಸ್ಸಮ್ಮ. ಕೊಂಡುಕುರಿಗೆ ಮಾರ್ಕ್ಸ್ ಇಲ್ಲ.

ಯಜಮಾನ: ಹೋಗ್ಲಿ, ನಮ್ಮ ತೆಂಗಿಗೆ ಕಪ್ಪುತಲೆ ಹುಳ ಬಿದ್ದೈತೆ. ಓದಿದ್ಮೇಲೆ ಇವಳು ಔಷಧಿ ಹೇಳ್ತಾಳಾ?

ಗುಮಾಸ್ತ: ಹುಳದ ಲ್ಯಾಟಿನ್ ಹೆಸರು ಹೇಳ್ತಾಳೆ. ಔಷಧಿ ಬೇಕಂದ್ರೆ ಹಿರಿಯೂರು ಹತ್ರ ಬಬ್ಬೂರು ಫಾರಂಗೆ ಹೋಗಿ.

ಮಗಳು: ಔಷಧಿ ಯಾಕಪ್ಪ? ಗೋನಿಯೋಜಸ್ ಅಂತ ಸಣ್ಣ ಕಣಜ ಬರುತ್ತೆ. ತೋಟಕ್ಕೆ ಬಿಟ್ರೆ ಹುಳದ ಮೈಮೇಲೇ ಮೊಟ್ಟೆ ಇಡುತ್ತೆ. ಮರಿಗಳು ಹುಳಾನ ತಿಂದು ಮುಗಿಸ್ತವೆ.

ಗುಮಾಸ್ತ: (ಕನ್ನಡಕ ತೆಗೆದು) ಇಷ್ಟು ತಿಳ್ಕೊಂಡೋಳಿಗೆ ಬಿಎಸ್ಸಿ ಯಾಕ್ರೀ?

ಯಜಮಾನ: ಗಂಡಿನ ಕಡೆಯೋರು ಕಣಜ ಕೇಳಲ್ಲ ಸ್ವಾಮಿ, ಡಿಗ್ರಿ ಕೇಳ್ತಾರೆ.