ವೈಕುಂಠದ ಸೊನ್ನೆ

ನಾರಾಯಣಪೇಟೆಯಲ್ಲಿ ಹೆಸರು ಮಾಡಿದ್ದು ಎರಡೇ: ಸೀರೆ ಮತ್ತು ಬಂಗಾರ. ಎರಡನ್ನೂ ಪರೀಕ್ಷಿಸುವ ವಿದ್ಯೆ ನಮ್ಮ ಓಣಿಯ ಹೆಂಗಸರಿಗೆ ಹುಟ್ಟಿನಿಂದಲೇ ಬಂದಿದೆ. ಸೀರೆಯಾದರೆ ತಿರುವಿ ಒಳಮೈ ನೋಡುತ್ತಾರೆ, ಬಂಗಾರವಾದರೆ ಅಂಗೈಯಲ್ಲಿಟ್ಟು ತೂಗುತ್ತಾರೆ. ನಮ್ಮ ಪಡಸಾಲೆಗೆ ಸಿಎನ್‌ಸಿ ರೌಟರ್ ಬಂದಾಗಲೂ ಇದೇ ಶಾಸ್ತ್ರ ನಡೆಯಿತು. ಒಬ್ಬರು ಬಗ್ಗಿ ಅದರ ತಳ ನೋಡಿದರು. ಇನ್ನೊಬ್ಬರು ಎತ್ತಿ ನೋಡಲು ಹೋದರು.

"ಇದು ಏನ್ ಮಾಡ್ತದ್ರೀ?"

"ಕಟ್ಟಿಗಿ ಮ್ಯಾಗ ನಾವು ಹೇಳಿದ್ದು ಕೊರೀತದ."

"ಯಾಕ, ನಮ್ಮೂರ ಬಡಿಗ್ಯಾರೆಲ್ಲಾ ಎಲ್ಲಿಗಿ ಹೋಗ್ಯಾರ?"

ಈ ಪ್ರಶ್ನೆಗೆ ಹವ್ಯಾಸಿಗಳ ಲೋಕದಲ್ಲಿ ಇದುವರೆಗೆ ಯಾರೂ ಸಮರ್ಪಕ ಉತ್ತರ ಕೊಟ್ಟಿಲ್ಲ.

ಯಂತ್ರದ ಹೆಸರು 3018. ಅಂದರೆ ಅದು ಕೊರೆಯಬಲ್ಲ ಜಾಗ 30 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲ. ನಮ್ಮ ಮನೆಯ ಜೋಳದ ರೊಟ್ಟಿ ಇಟ್ಟರೆ ಎರಡೂ ಬದಿಗೆ ಹೊರಚಾಚುತ್ತದೆ. ಹೆದ್ದಾರಿಯ ಪಕ್ಕದ ಅಂಗಡಿಗಳಲ್ಲಿ ಎಂಟು ಅಡಿಗೆ ನಾಲ್ಕಡಿಯ ಪ್ಲೈವುಡ್ ಹಾಳೆಯನ್ನೇ ಹಾಸಿಕೊಂಡು ದೇವರ ಮನೆಯ ಬಾಗಿಲು ಕೊರೆಯುವ ಭೀಮಯಂತ್ರಗಳಿವೆ. ನನ್ನದು ಅವುಗಳ ಮೊಮ್ಮಗ. ಇದಕ್ಕೆ ಬುದ್ಧಿ ಕೊಡುವುದು ಜಿಆರ್‌ಬಿಎಲ್ ಎಂಬ ಬಿಟ್ಟಿ ತಂತ್ರಾಂಶ. 2009ರಲ್ಲಿ ನಾರ್ವೆಯವರೊಬ್ಬರು ಬರೆದು ಜಗತ್ತಿಗೆ ದಾನ ಮಾಡಿದ್ದು. ಮೂರು ಮೋಟರುಗಳು, ಎಡಬಲಕ್ಕೊಂದು, ಹಿಂದುಮುಂದಕ್ಕೊಂದು, ಮೇಲೆಕೆಳಕ್ಕೊಂದು. ಅದಕ್ಕೆ ಕೊಡುವ ಆಜ್ಞೆಗಳಲ್ಲಿ ಜಿ-ಸೊನ್ನೆ ಎಂದರೆ ಸರ್ರನೆ ಹೋಗು. ಜಿ-ಒಂದು ಎಂದರೆ ಕೊರೆಯುತ್ತಾ ನಿಧಾನಕ್ಕೆ ಹೋಗು. ಮಿಕ್ಕದ್ದೆಲ್ಲ ಇವೆರಡರ ವಿಸ್ತಾರ.

ಒಂದೇ ತೊಂದರೆ. ತಾನೆಲ್ಲಿ ನಿಂತಿದ್ದೇನೆ ಎಂಬುದನ್ನು ಈ ಯಂತ್ರ ಕಣ್ಣಿಂದ ನೋಡುವುದಿಲ್ಲ, ಹೆಜ್ಜೆ ಎಣಿಸಿ ತಿಳಿಯುತ್ತದೆ. ನಡುವೆ ಕರೆಂಟು ಹೋಗಿ ಬಂದರೆ ಎಣಿಕೆ ಮರೆತು, ನಿಂತ ಜಾಗವನ್ನೇ ಸೊನ್ನೆ ಎಂದುಕೊಳ್ಳುತ್ತದೆ. ಇದಕ್ಕಾಗಿ ಅದನ್ನು ಬೈಯಲು ನಮ್ಮ ಸೀಮೆಯವರಿಗೆ ಮುಖವಿಲ್ಲ. ಗದ್ವಾಲದ ಜನ 1956ರ ಅಕ್ಟೋಬರ್ 31ರ ರಾತ್ರಿ ರಾಯಚೂರು ಜಿಲ್ಲೆಯಲ್ಲಿ ಮಲಗಿ ಬೆಳಗ್ಗೆ ಮೆಹಬೂಬನಗರ ಜಿಲ್ಲೆಯಲ್ಲಿ ಎದ್ದರು. 2016ರಲ್ಲಿ ಅದು ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು. 2019ರಲ್ಲಿ ನಮ್ಮ ನಾರಾಯಣಪೇಟೆಯೂ ಜಿಲ್ಲೆಯಾಯಿತು. ಯಾರೂ ಒಂದಿಂಚು ಕದಲಿರಲಿಲ್ಲ. ಸೊನ್ನೆ ಮಾತ್ರ ಬದಲಾಗಿತ್ತು.

ಕಟ್ಟಿಗೆಯ ಮಾತು ಬೇಗ ಮುಗಿಸುತ್ತೇನೆ. ಸಾಗವಾನಿಗೆ ದುಡ್ಡು ಬೇಕು. ಜಾಲಿ ಹುಟ್ಟಿದ್ದು ಬಂಡಿಯ ಗಾಲಿಗಾಗಿ, ನನ್ನ ಯಂತ್ರದ ತುದಿಯಲ್ಲಿ ಕೊರೆಯುವ ಮೂರು ಮಿಲಿಮೀಟರಿನ ಬಿಟ್ಟಿಗಾಗಿ ಅಲ್ಲ. ಉಳಿದದ್ದು ಬೇವು. ಅದರ ಪುಡಿ ಮಾಳಿಗೆಯಲ್ಲಿ ಒಣಹಾಕಿದ ಹಪ್ಪಳದ ಮೇಲೆ ಕೂತು ಆ ವರ್ಷ ನಮ್ಮ ಮನೆಗೆ ಯುಗಾದಿ ಬೇಗ ಬಂತು, ಬೆಲ್ಲ ಬಿಟ್ಟು.

ನಿಜವಾದ ಕಥೆ ಶುರುವಾದದ್ದು ಮಕ್ತಲದ ಮಾಸ್ತರರಿಂದ. ಕೃಷ್ಣಾ ಸ್ಟೇಷನ್ ಕಡೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಎಪ್ಪತ್ತು ದಾಟಿದವರು. ಮಕ್ತಲದಲ್ಲಿ ಮನೆ ಕಟ್ಟಿ 'ವೈಕುಂಠ' ಎಂದು ಹೆಸರಿಟ್ಟಿದ್ದರು. ಬೋರ್ಡು ಬೇಕು, ಮೇಲೆ ಕನ್ನಡ ತಮಗೆ, ಕೆಳಗೆ ತೆಲುಗು ಪೋಸ್ಟ್‌ಮ್ಯಾನಿಗೆ.

ರೌಟರಿಗೂ ನಮ್ಮ ಲಿಪಿಗೂ ಜಾತಕ ಕೂಡುತ್ತದೆ ಎಂಬುದು ನನ್ನ ಸಂಶೋಧನೆ. ಗರಗರ ತಿರುಗುವ ಬಿಟ್ಟು ಒಳಮೂಲೆಯನ್ನು ಎಂದೂ ಚೂಪಾಗಿ ಕೊರೆಯಲಾರದು. ತನ್ನ ಮೈಯಷ್ಟು ದುಂಡಗೆ ಬಿಡುತ್ತದೆ. ಇಂಗ್ಲಿಷಿನ ಇ, ಎಫ್‌ಗಳು ಇದರ ಕೈಗೆ ಸಿಕ್ಕರೆ ಮೂಲೆ ಸವೆದುಕೊಳ್ಳುತ್ತವೆ. ಕನ್ನಡ, ತೆಲುಗಿನ ಅಕ್ಷರಗಳು ಹುಟ್ಟಾ ದುಂಡಗೆ. ಕಷ್ಟ ಬರುವುದು ಕಂಪ್ಯೂಟರಿನಲ್ಲಿ. ಯಂತ್ರದ ದಾರಿ ಹಾಕುವ ಕೆಲವು ತಂತ್ರಾಂಶಗಳಿಗೆ ಒತ್ತಕ್ಷರದ ಗಂಧವಿಲ್ಲ; 'ಲಕ್ಷ್ಮೀ' ಎಂದು ಹೊಡೆದರೆ ಆಕೆಯ ಕೈಕಾಲು ಬಿಡಿಬಿಡಿಯಾಗಿ ಸಾಲು ನಿಲ್ಲುತ್ತವೆ. ಮೊದಲು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಅಕ್ಷರವನ್ನು ಬರೀ ಗೆರೆಯಾಗಿಸಿ ಒಯ್ಯಬೇಕು.

ಅದನ್ನು ಮಾಡಿದ್ದಾಯಿತು. ಮಾಸ್ತರರಿಗೆ ಹಲಗೆಯಲ್ಲಿ ಅಕ್ಷರ ಆರಪಾರ ಬೇಕಿತ್ತು, ಹಿಂದೆ ದೀಪ ಹಚ್ಚಲು. 'ವೈಕುಂಠ'ದಲ್ಲಿ ಒಂದು ಸೊನ್ನೆ, ಅದರ ಪಕ್ಕ ಹೊಟ್ಟೆಯಲ್ಲಿ ಚುಕ್ಕೆ ಇಟ್ಟುಕೊಂಡ ಠ. ಅಕ್ಷರವನ್ನು ತೂತಾಗಿ ಕೊರೆದರೆ ಸೊನ್ನೆಯ ಒಳಗಿನ ಬಿಲ್ಲೆ ಉದುರುತ್ತದೆ, ಠದ ಹೊಟ್ಟೆಯೂ ಉದುರುತ್ತದೆ. ಅಕ್ಷರವನ್ನೇ ಕತ್ತರಿಸಿ ಉಳಿಸಿಕೊಂಡರೆ ಸೊನ್ನೆ ಪೂರ್ತಿ ಕಳಚಿಕೊಳ್ಳುತ್ತದೆ, ಚುಕ್ಕೆ ಬೇರೆ. ತೆಲುಗಿನಲ್ಲೂ ಇದೇ ಪಾಡು. ಇದಕ್ಕೆ ಜಗತ್ತಿನಾದ್ಯಂತ ಇರುವ ಪರಿಹಾರ, ನಡುವೆ ಸಣ್ಣ ಸೇತುವೆ ಬಿಡುವುದು. ಸೇತುವೆ ಬಿಟ್ಟು ಮಾಸ್ತರರಿಗೆ ತೋರಿಸಿದೆ. ಜೀವಮಾನವಿಡೀ ಕಾಪಿ ತಿದ್ದಿದ ಕಣ್ಣು ಅವರದು.

"ಸೊನ್ನಿಗಿ ಬಾಲ ಯಾಕ ಬಂತಪಾ?"

"ಬೀಳಬಾರದಂತ ಹಿಡಿದದ್ರಿ ಸರ್."

"ನಾ ಅಕ್ಷರ ಕಲಿಸೀನಿ, ಕೋತಿ ಸಾಕಿಲ್ಲ."

ಆ ವಾರವೇ ಮದುವೆಯ ಸೀರೆಗೆಂದು ಗದ್ವಾಲಕ್ಕೆ ಹೋಗಬೇಕಾಯಿತು. ಜುರಾಲ ಕಟ್ಟೆ ದಾಟುವಾಗ ಮೀನು ತಿನ್ನದೆ ಮುಂದೆ ಹೋಗುವುದು ಆ ದಾರಿಗೆ ಮಾಡುವ ಅವಮಾನ, ಮಾಡಲಿಲ್ಲ. ನೇಕಾರರ ಮನೆಯಲ್ಲಿ ಹೆಂಡತಿ ಸೀರೆ ತಿರುವುತ್ತಿದ್ದಳು: ಹತ್ತಿಯ ಒಡಲು, ರೇಷ್ಮೆಯ ಅಂಚು ಮತ್ತು ಸೆರಗು, ಬೆಂಕಿಪೊಟ್ಟಣದಲ್ಲಿ ಮಡಚಿಡಬಹುದೆಂಬ ಹೊಗಳಿಕೆ. ನನ್ನ ಕಣ್ಣು ಮಗ್ಗದ ನೆತ್ತಿಯ ಜಕಾರ್ಡಿನ ಮೇಲಿತ್ತು. ತೂತು ಹೊಡೆದ ರಟ್ಟಿನ ಸರ ಒಂದೊಂದಾಗಿ ಇಳಿಯುತ್ತಿತ್ತು. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ. 1804ರಲ್ಲಿ ಫ್ರಾನ್ಸಿನ ಲಿಯೋನ್‌ನ ಜಕಾರ್ಡ್ ಸಾಹೇಬ ಕಂಡುಹಿಡಿದದ್ದು. 1952ರಲ್ಲಿ ಅಮೆರಿಕದ ಎಂಐಟಿಯವರು ಲೋಹ ಕೊರೆಯುವ ಯಂತ್ರವನ್ನು ಅಂಕಿಗಳಿಂದ ಓಡಿಸಿ ತೋರಿಸಿದಾಗ, ಅದು ಓದಿದ್ದೂ ತೂತು ಹೊಡೆದ ಪಟ್ಟಿಯನ್ನೇ. ನನ್ನ ಪಡಸಾಲೆಯ ಯಂತ್ರದ ಮುತ್ತಜ್ಜ ಇಲ್ಲಿ ತೊಲೆಗೆ ನೇತುಬಿದ್ದಿದ್ದ.

ಹಿರಿಯ ನೇಕಾರರಿಗೆ ಮೊಬೈಲಿನಲ್ಲಿ ನನ್ನ ಯಂತ್ರದ ವಿಡಿಯೋ ತೋರಿಸಿದೆ. ಓಣಿಯಲ್ಲಿ ಬೆರಗು ಕಂಡು ರೂಢಿಯಾಗಿದ್ದ ನನಗೆ ಅವರ ಮುಖದಲ್ಲಿ ಅಂಥದ್ದೇನೂ ಕಾಣಲಿಲ್ಲ.

"ಓ, ಇದಕ್ಕೂ ಕಾರ್ಡು ಹಾಕ್ತೀರಿ," ಎಂದರು. ಆಮೇಲೆ, "ಕರೆಂಟು ಹೋದ್ರ?"

"ನಿಲ್ತದ್ರಿ."

"ನಮ್ದು ನಿಲ್ಲಂಗಿಲ್ಲ."

ಸೊನ್ನೆಯ ಗೋಳನ್ನೂ ಹೇಳಿದೆ. ಅವರು ಸೀರೆಯ ಒಂದು ಬುಟ್ಟಾದ ಮೇಲೆ ಬೆರಳಿಟ್ಟರು. "ಕೆಳಗ ಬಟ್ಟಿ ಇಲ್ದ ಬುಟ್ಟಾ ಎಲ್ಲಿ ನಿಂದರ್ತದ? ಆರಪಾರ ಯಾಕ ಕೊರೀತೀರಿ? ಅರ್ಧ ಕೊರೀರಿ."

ವಿ ಆಕಾರದ ಬಿಟ್ಟು ಹಾಕಿ, ಹಲಗೆಯ ತಳ ಉಳಿಸಿ, ಅಕ್ಷರವನ್ನು ಮೇಲ್ಮೈಯಲ್ಲಷ್ಟೇ ಕೊರೆಯುವುದು. ಹಿಂದಿನ ದೀಪಕ್ಕೆ ಎಳ್ಳುನೀರು, ಸೊನ್ನೆಗೆ ಮೋಕ್ಷ. ಮಾಸ್ತರರೂ ಫೋನಿನಲ್ಲಿ ಒಪ್ಪಿದರು.

ಆದರೆ ನೇಕಾರರು ಸಲಹೆಯನ್ನು ಪುಕ್ಕಟೆ ಕೊಟ್ಟಿರಲಿಲ್ಲ. "ನಿಮ್ಮ ಮಷೀನು ತೂತು ಹೊಡೀತದಲ್ಲ? ನಮ್ಮ ಹಂಸದ ಕಾರ್ಡು ಹಳೇದಾಗಿ ಹರದಾವ. ಮೊದಲು ಅವನ್ನ ಹೊಡಕೊಡ್ರಿ," ಎಂದು ಒಂದು ಕಟ್ಟು ರಟ್ಟು ಕಂಕುಳಿಗೆ ಸಿಕ್ಕಿಸಿ ಕಳಿಸಿದರು. ಈಗ ಪಡಸಾಲೆಯಲ್ಲಿ ಮೊಮ್ಮಗ ಹಗಲೂ ರಾತ್ರಿ ಮುತ್ತಜ್ಜನ ಚಾಕರಿ ಮಾಡುತ್ತಿದ್ದಾನೆ. ಬೋರ್ಡು ಏನಾಯಿತೆಂದು ಮಕ್ತಲದಿಂದ ಫೋನು ಬಂದರೆ ನನ್ನ ಹೆಂಡತಿಯೇ ಎತ್ತುತ್ತಾಳೆ.

"ವೈಕುಂಠಕ್ಕ ಇನ್ನೂ ಟೈಮ್ ಐತ್ರಿ ಸರ್," ಅನ್ನುತ್ತಾಳೆ. ಮಾಸ್ತರರು ತುಸು ಹೊತ್ತು ಯೋಚಿಸಿ, ಅವಸರ ಏನಿಲ್ಲವ್ವಾ ಎನ್ನುತ್ತಾರಂತೆ.