ಸುಮಾರು ಹತ್ತು ಸಾವಿರ ಚಿಲ್ಲರೆ

ಅಂಗಡಿಯ ಆ್ಯಪಿನಲ್ಲಿ ‘ಚಪ್ಪಲಿ’ ಎಂದು ಹುಡುಕಿದವನಿಗೆ ಬೇಕಾದದ್ದು ಒಂದು ಜೋಡಿ. ಒಟ್ಟು 48,317 ಜೋಡಿ ಇವೆ ಎಂಬ ಜ್ಞಾನವಲ್ಲ. ಅಷ್ಟನ್ನೂ ನೋಡಿ ಮುಗಿಸುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ. ಆದರೂ ಆ ಸಂಖ್ಯೆಗಾಗಿ ಡೇಟಾಬೇಸ್ ಪಡುವ ಪಾಡು ದೊಡ್ಡದು. ಮೊದಲ ಹತ್ತು ಸಾಕೆಂದರೆ, ಹೊಂದಿಕೆಯ ಅಂಕದಲ್ಲಿ ಹಿಂದೆ ಬೀಳುವುದು ಖಚಿತವಾದ ದಾಖಲೆಗಳನ್ನು ಕಂತೆಕಂತೆಯಾಗಿ ಹಾರಿಸಿಬಿಡಬಹುದು. ನಿಖರ ಎಣಿಕೆ ಬೇಕೆಂದರೆ ಜನಗಣತಿಗೆ ಬಂದ ಮೇಷ್ಟರ ಹಾಗೆ ಪ್ರತಿ ಬಾಗಿಲನ್ನೂ ತಟ್ಟಬೇಕು. ಅದಕ್ಕೇ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕು ತಂತ್ರಾಂಶ 2019ರ 7.0 ಆವೃತ್ತಿಯಿಂದ, ನಾವಾಗಿ ಕೇಳದಿದ್ದರೆ, 10,000ದವರೆಗಷ್ಟೇ ನಿಖರವಾಗಿ ಎಣಿಸಿ, ‘ಇಷ್ಟಂತೂ ಇವೆ ಸ್ವಾಮಿ’ ಎಂದು ಕೈತೊಳೆದುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಪಾಪ, ಸಿದ್ಧ ಮೊತ್ತವನ್ನು ಕಿಸೆಯಲ್ಲಿಟ್ಟುಕೊಳ್ಳುವುದಿಲ್ಲ; ಕೇಳಿದಾಗಲೆಲ್ಲ ಹೊಸದಾಗಿ ಎಣಿಸುತ್ತದೆ. ಇಡೀ ಟೇಬಲ್ಲಿನ ಅಂದಾಜು ಸಾಕೆಂದರೆ ಮಾತ್ರ ತಟ್ಟನೆ ಹೇಳೀತು.

ಲೆಕ್ಕ ತಪ್ಪಿದರೆ ನಂಬಿಕೆ ಹೋಗುವುದಿಲ್ಲವೇ? ಬ್ಯಾಂಕಿನ ಬಾಕಿಯಲ್ಲಿ, ಮತ ಎಣಿಕೆಯಲ್ಲಿ ಖಂಡಿತ ಹೋಗುತ್ತದೆ. ಅಲ್ಲಿ ‘ಸುಮಾರು’ ಎಂದವನನ್ನು ಕಂಬಕ್ಕೆ ಕಟ್ಟಿ. ಚಪ್ಪಲಿಗೆ ಆ ಶಿಸ್ತು ಬೇಡ. ಮುಂದಿನ ಪುಟ ಇದೆಯೋ ಇಲ್ಲವೋ ತಿಳಿಯುವುದು ಹೇಗೆ ಎನ್ನುವವರು ಹತ್ತರ ಬದಲು ಹನ್ನೊಂದು ತರಿಸಲಿ. ಹನ್ನೊಂದನೆಯದು ಬಂತೆಂದರೆ ಪುಟವಿದೆ. ಇನ್ನುಳಿದವರು 4,832ನೇ ಪುಟಕ್ಕೂ ಗುಂಡಿ ಇರಲೇಬೇಕೆನ್ನುವ ಮ್ಯಾನೇಜರರು. ಇಡೋಣ, ಅದನ್ನು ಒತ್ತಿದ ಗ್ರಾಹಕರ ಎಣಿಕೆಯನ್ನು ನಿಖರವಾಗಿಯೇ ಕೊಡಬಹುದು, ಕ್ಷಣಾರ್ಧವೂ ಹಿಡಿಯದು.